ಬಣ್ಣಕ್ಕಿಂತ ಮೊದಲು ಕಾಗದ

ಬಣ್ಣದ ಬಿಲ್ಲೆಗಳ ಸಣ್ಣ ಡಬ್ಬಿ, ಮೇಣದ ಕ್ರೇಯಾನ್, ಹನ್ನೆರಡು ಸ್ಕೆಚ್ ಪೆನ್ನುಗಳ ಪೊಟ್ಟಣ, ನಾಲ್ಕಾರು ಡ್ರಾಯಿಂಗ್ ಶೀಟು, ಒಂದು ಅಂಟಿನ ಶೀಶೆ: ಜೂನ್ ತಿಂಗಳಲ್ಲಿ ಯಾವ ಊರಿನ ಸ್ಟೇಷನರಿ ಅಂಗಡಿಯಲ್ಲಾದರೂ ಇವೆಲ್ಲ ಕಡಿಮೆ ದುಡ್ಡಿಗೆ ಸಿಗುತ್ತವೆ. ಹೀಗೆ ಕೊಂಡು ತಂದ ಸಾಮಗ್ರಿಯಿಂದ ಬರೆದ ಚಿತ್ರ ಮನಸ್ಸಿಗೆ ಬಂದಂತೆ ಮೂಡದಿದ್ದಾಗ ಹೆಚ್ಚಿನವರು ದೂರುವುದು ಬಣ್ಣವನ್ನು ಅಥವಾ ಕುಂಚವನ್ನು; ಕಾಗದವನ್ನು ಅನುಮಾನಿಸುವವರು ಕಡಿಮೆ. ವಸ್ತುಗಳ ರಸಾಯನವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ತೀರ್ಪು ತಿರುಗುಮುರುಗಾಗುತ್ತದೆ. ಕಳೆದ ಇನ್ನೂರು ವರ್ಷಗಳ ರಸಾಯನವಿಜ್ಞಾನ ಬಣ್ಣವನ್ನು ಎಷ್ಟರಮಟ್ಟಿಗೆ ಅಗ್ಗ ಮಾಡಿದೆಯೆಂದರೆ, ಇಂದಿನ ಮಕ್ಕಳ ಡಬ್ಬಿಯಲ್ಲಿರುವ ಕೆಲವು ನೀಲಿಗಳು ಒಂದು ಕಾಲದಲ್ಲಿ ಶ್ರೀಮಂತರ ಚಿತ್ರಗಳಿಗಷ್ಟೇ ಮೀಸಲಾಗಿದ್ದವು ಅಥವಾ ಇರಲೇ ಇಲ್ಲ. ಕಾಗದದ ವಿಷಯದಲ್ಲಿ ಅಂಥ ಅದೃಷ್ಟ ನಮಗೆ ಒದಗಿಲ್ಲ; ಅಲ್ಲಿ ಅಗ್ಗವೆಂದರೆ ಇಂದಿಗೂ ಬಹುಮಟ್ಟಿಗೆ ತೆಳು, ಹೀರುವ, ಸುಕ್ಕುಗಟ್ಟುವ ಸರಕೇ.

ನೀಲಿಯ ಕಥೆಯನ್ನೇ ತೆಗೆದುಕೊಳ್ಳಬಹುದು. ಅಲ್ಟ್ರಾಮರೀನ್ ಎಂಬ ಗಾಢ ನೀಲಿಯನ್ನು ಹಿಂದೆ ಅಫ್ಘಾನಿಸ್ತಾನದ ಬದಖ್ಶಾನಿನ ಗಣಿಗಳಿಂದ ಬರುತ್ತಿದ್ದ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು, ಬಹಳ ಶ್ರಮದಿಂದ ಬೇರ್ಪಡಿಸಿ ತಯಾರಿಸುತ್ತಿದ್ದರು. 1824ರಲ್ಲಿ ಫ್ರಾನ್ಸಿನ ಉದ್ಯಮ ಪ್ರೋತ್ಸಾಹಕ ಸಂಘವೊಂದು, ಇದೇ ಬಣ್ಣವನ್ನು ಕೃತಕವಾಗಿ, ಅಗ್ಗವಾಗಿ ತಯಾರಿಸಿ ತೋರಿಸಿದವರಿಗೆ 6000 ಫ್ರಾಂಕ್ ಬಹುಮಾನ ಘೋಷಿಸಿತು. 1828ರಲ್ಲಿ ಅದು ಜ್ಯಾನ್ ಬ್ಯಾಪ್ಟಿಸ್ಟ್ ಗಿಮೆ ಎಂಬ ರಸಾಯನತಜ್ಞನ ಪಾಲಾಯಿತು. ಬಿಳಿ ಜೇಡಿ, ಸೋಡಾ, ಗಂಧಕ, ಇದ್ದಿಲು, ಇಷ್ಟನ್ನು ಸೇರಿಸಿ ಕುಲುಮೆಯಲ್ಲಿ ಕಾಯಿಸಿದರೆ ಕಲ್ಲಿನಲ್ಲಿದ್ದ ವಸ್ತುವೇ ಪುಡಿಯಾಗಿ ಕೈಗೆ ಬರುತ್ತದೆ. ಬಿಳಿ ಪಂಚೆಗೆ, ಅಂಗಿಗೆ ಹಾಕಲು ನಮ್ಮ ಮನೆಗಳಲ್ಲಿ ಬಳಸುತ್ತ ಬಂದ ನೀಲಿ ಪುಡಿಯೂ ಮೂಲತಃ ಈ ಕೃತಕ ಅಲ್ಟ್ರಾಮರೀನೇ ಎಂಬುದು ಚಿತ್ರ ಬರೆಯುವವರಿಗೆ ಸಂತೋಷ ಕೊಡಬೇಕಾದ ಸಂಗತಿ. ಆ ಪುಡಿಯನ್ನು ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಗೋಂದಿನ ನೀರಿನಲ್ಲಿ ನುಣ್ಣಗೆ ಅರೆದು, ಒಣಗಿದಾಗ ಬಿರುಕು ಬಿಡದಿರಲೆಂದು ಒಂದೆರಡು ಹನಿ ಜೇನು ಸೇರಿಸಿದರೆ ಜಲವರ್ಣ ಸಿದ್ಧವಾಗುತ್ತದೆ. ದುಬಾರಿ ಜಲವರ್ಣದ ಟ್ಯೂಬಿನಲ್ಲಿರುವುದೂ ತತ್ತ್ವದಲ್ಲಿ ಇಷ್ಟೇ: ಬಣ್ಣದ ಪುಡಿ, ಜಾಲಿ ಜಾತಿಯ ಮರದ ಗೋಂದು, ತೇವ ಹಿಡಿದಿಡಲು ಗ್ಲಿಸರಿನ್ ಅಥವಾ ಜೇನು.

ಇನ್ನೊಂದು ನೀಲಿ ಹುಟ್ಟಿದ್ದು ಆಕಸ್ಮಿಕವಾಗಿ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತಿನ ಬಣ್ಣದ ಕಾರ್ಖಾನೆಯೊಂದರಲ್ಲಿ, ಒಳಗೆ ಗಾಜಿನ ಲೇಪವಿದ್ದ ಪಾತ್ರೆಯೊಂದು ಬಿರುಕುಬಿಟ್ಟು, ಹೊರಗಿನ ಕಬ್ಬಿಣ ಒಳಗಿನ ರಾಸಾಯನಿಕಕ್ಕೆ ಸೋಕಿ, ಯಾರೂ ನಿರೀಕ್ಷಿಸದ ನೀಲಿ ಹರಳುಗಳು ಕಾಣಿಸಿಕೊಂಡವು. ಕಬ್ಬಿಣದ ಜಾಗದಲ್ಲಿ ತಾಮ್ರವನ್ನು ಕೂರಿಸಿದಾಗ ದೊರೆತ ಥಾಲೋಸಯನೀನ್ ನೀಲಿ 1935ರಲ್ಲಿ ಮಾರುಕಟ್ಟೆಗೆ ಬಂತು. ಇದು ಬಿಸಿಲಿಗೆ ಸುಲಭವಾಗಿ ಜಗ್ಗುವುದಿಲ್ಲ, ಆಮ್ಲಕ್ಕೆ ಅಳುಕುವುದಿಲ್ಲ. ಸಾಸಿವೆಕಾಳಿನಷ್ಟು ಬಿದ್ದರೂ ತಟ್ಟೆಯ ಇತರ ಬಣ್ಣಗಳನ್ನೆಲ್ಲ ನುಂಗಿಬಿಡುವಷ್ಟು ತೀವ್ರವಾಗಿದೆ. ಮುದ್ರಣದ ಶಾಯಿಯಿಂದ ಹಿಡಿದು ಪ್ಲಾಸ್ಟಿಕ್‌ವರೆಗೆ ಎಲ್ಲೆಡೆ ಬಳಕೆಯಲ್ಲಿರುವುದರಿಂದ ಇದರ ಬೆಲೆಯೂ ಇಳಿದಿದೆ.

ಹಾಗಾದರೆ ಅಗ್ಗದ ಬಣ್ಣಕ್ಕೂ ದುಬಾರಿ ಬಣ್ಣಕ್ಕೂ ವ್ಯತ್ಯಾಸ ಎಲ್ಲಿದೆ? ಮುಖ್ಯವಾಗಿ ಪ್ರಮಾಣದಲ್ಲಿ. ಅಗ್ಗದ ಬಿಲ್ಲೆಯಲ್ಲಿ ಬಣ್ಣದ ಪುಡಿಯ ಪಾಲು ಕಡಿಮೆ. ತೂಕ ತುಂಬಲು ಸೀಮೆಸುಣ್ಣದಂಥ ಬಿಳಿಯ ಪುಡಿ ಸೇರಿರುತ್ತದೆ. ಬಿಳಿಯ ಪುಡಿ ಬೆಳಕನ್ನು ಚದುರಿಸುತ್ತದೆ. ಜಲವರ್ಣದ ಹೊಳಪು ಹುಟ್ಟುವುದು ಬೆಳಕು ತೆಳುವಾದ ಬಣ್ಣದ ಪದರವನ್ನು ಹಾಯ್ದು, ಬಿಳಿ ಕಾಗದಕ್ಕೆ ತಾಗಿ, ಮತ್ತೆ ಅದೇ ಪದರದ ಮೂಲಕ ಕಣ್ಣಿಗೆ ಮರಳಿದಾಗ. ನಡುದಾರಿಯಲ್ಲೇ ಚದುರಿದರೆ ಚಿತ್ರ ಮಬ್ಬಾಗುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ನೀರಿಗೆ ಕರಗದ ಮಾರ್ಕರಿನಿಂದ ಕಾಗದದ ಮೇಲೆ ದಪ್ಪನೆಯ ಕಪ್ಪು ಗೆರೆ ಎಳೆದು, ಅದು ಒಣಗಿದ ಮೇಲೆ ಡಬ್ಬಿಯ ಒಂದೊಂದು ಬಣ್ಣವನ್ನೂ ಗೆರೆಗೆ ಅಡ್ಡಲಾಗಿ ಹಚ್ಚಬೇಕು. ಪಾರದರ್ಶಕವಾದ ಬಣ್ಣ ಕಪ್ಪಿನ ಮೇಲೆ ಕಾಣದೆ ಹೋಗುತ್ತದೆ. ಸೀಮೆಸುಣ್ಣ ತುಂಬಿದ ಅಥವಾ ಸ್ವಭಾವತಃ ಅಪಾರದರ್ಶಕವಾದ ಬಣ್ಣ ಒಣಗಿದಾಗ ಬೂದಿಯ ಪೊರೆಯಂತೆ ಕುಳಿತಿರುತ್ತದೆ. ಹೆಚ್ಚಿನ ಅಗ್ಗದ ಡಬ್ಬಿಗಳಲ್ಲಿ ಎರಡು ಮೂರು ಬಣ್ಣಗಳಾದರೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ, ಮತ್ತು ತೆಳು ಲೇಪನದ ಚಿತ್ರಕ್ಕೆ ಅಷ್ಟು ಸಾಕು. ಉಳಿದವನ್ನು ಪೋಸ್ಟರ್ ಬಣ್ಣದಂತೆ ದಪ್ಪವಾಗಿ ಬಳಸಿದರೆ ಅವುಗಳ ಮಬ್ಬೇ ಉಪಯೋಗಕ್ಕೆ ಬರುತ್ತದೆ.

ಸ್ಕೆಚ್ ಪೆನ್ನಿನ ಸಂಗತಿ ಬೇರೆ. ಅದರಲ್ಲಿರುವುದು ಸಾಮಾನ್ಯವಾಗಿ ಪುಡಿಯಲ್ಲ, ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಕಪ್ಪು ಸ್ಕೆಚ್ ಪೆನ್ನಿನೊಳಗೆ ಎಷ್ಟು ಬಣ್ಣಗಳಿವೆಯೆಂದು ತಿಳಿಯಲು ಟಿಶ್ಯೂ ಅಥವಾ ಒತ್ತುಕಾಗದದ ಒಂದು ಪಟ್ಟಿ ಸಾಕು. ಪಟ್ಟಿಯ ಕೆಳತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಗಾಢವಾದ ಚುಕ್ಕೆಯಿಟ್ಟು, ಚುಕ್ಕೆ ಮುಳುಗದಂತೆ ತುದಿಯನ್ನಷ್ಟೇ ಲೋಟದ ನೀರಿಗೆ ಇಳಿಬಿಟ್ಟರೆ, ನೀರು ನಾರುಗಳ ನಡುವಿನ ಸಂದುಗಳಲ್ಲಿ ಮೇಲೇರುತ್ತ ಚುಕ್ಕೆಯನ್ನು ಹಾಯುತ್ತದೆ. ಕಾಗದಕ್ಕೆ ಹೆಚ್ಚು ಅಂಟಿಕೊಳ್ಳುವ ಬಣ್ಣ ಹಿಂದೆ ಉಳಿಯುತ್ತದೆ, ನೀರಿನ ಸಂಗಡ ಹೋಗಲು ಬಯಸುವುದು ಮುಂದೆ ಓಡುತ್ತದೆ. ಕೆಲವೇ ನಿಮಿಷಗಳಲ್ಲಿ ಕಪ್ಪು ಬಿಚ್ಚಿಕೊಂಡು ನೀಲಿ, ಗುಲಾಬಿ, ಹಳದಿಯ ಪಟ್ಟೆಗಳಾಗಿ ಹರಡುತ್ತದೆ. 1944ರಲ್ಲಿ ಆರ್ಚರ್ ಮಾರ್ಟಿನ್ ಮತ್ತು ಸಂಗಡಿಗರು ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ಪ್ರಕಟಿಸಿದ ಕಾಗದದ ಕ್ರೊಮಟೋಗ್ರಫಿಯ ತತ್ತ್ವ ಇದೇ. ಇದರ ಹಿಂದಿನ ಸಂಶೋಧನೆಗೆ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ 1952ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನೀರಿಗೆ ಜಗ್ಗದ ಮಾರ್ಕರಿನ ಚುಕ್ಕೆಯನ್ನು ಬಿಚ್ಚಲು ನೀರಿನ ಬದಲು ಮದ್ಯಸಾರವಿರುವ ಸ್ಯಾನಿಟೈಸರ್ ಬಳಸಬಹುದು. ಪಟ್ಟೆಗಳು ಒಣಗಿದ ಪಟ್ಟಿಗಳೇ ಪುಸ್ತಕದ ಗುರುತುಪಟ್ಟಿಯಾಗಿ, ಕಾಗದದ ಹೂವಿನ ಎಸಳಾಗಿ ಕೆಲಸಕ್ಕೆ ಬರುತ್ತವೆ.

ಕರಗಿದ ಬಣ್ಣದ ದೊಡ್ಡ ಕೊರತೆ ಅದರ ಅಲ್ಪಾಯುಷ್ಯ. ಬಿಳಿ ಅಂಗಿಗೆ ಬಿದ್ದ ಅರಿಶಿನದ ಕಲೆ ಸಾಬೂನಿಗೆ ಹೋಗದಿದ್ದರೂ ಬಿಸಿಲಿಗೆ ಹರವಿದಾಗ ಮಾಸುವುದನ್ನು ಎಲ್ಲರೂ ಕಂಡಿದ್ದೇವೆ. ಅರಿಶಿನದ ಕರ್ಕ್ಯುಮಿನ್ ಅಣು ಬೆಳಕನ್ನು ಹೀರಿಕೊಂಡು ಮುರಿದುಬೀಳುತ್ತದೆ. ಸ್ಕೆಚ್ ಪೆನ್ನಿನ ಗುಲಾಬಿ, ನೇರಳೆಗಳಿಗೂ ಇದೇ ಗತಿ. ಪುಡಿಯ ರೂಪದಲ್ಲಿರುವ ಬಣ್ಣದಲ್ಲಿ ಒಂದೊಂದು ಕಣದ ಹೊರಮೈ ಅಣುಗಳಷ್ಟೇ ಬೆಳಕಿಗೆ, ಗಾಳಿಗೆ ನೇರವಾಗಿ ಒಡ್ಡಿಕೊಂಡು ಒಳಗಿನವು ಮರೆಯಲ್ಲಿರುತ್ತವೆ. ಕರಗಿ ನಾರಿಗೆ ಅಂಟಿದ ಅಣುಗಳಿಗೆ ಅಂಥ ಮರೆಯಿಲ್ಲ. ಡಬ್ಬಿಯ ಪ್ರತಿಯೊಂದು ಬಣ್ಣವನ್ನೂ ಒಂದು ಪಟ್ಟಿಯ ಮೇಲೆ ಹಚ್ಚಿ, ಪಟ್ಟಿಯ ಅರ್ಧಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಪಶ್ಚಿಮದ ಕಿಟಕಿಯ ಗಾಜಿಗೆ ಅಂಟಿಸಿ ಒಂದು ಬೇಸಿಗೆ ಕಳೆಯಲು ಬಿಟ್ಟರೆ ಯಾವುದು ಉಳಿಯುವ ಬಣ್ಣ, ಯಾವುದು ಓಡಿಹೋಗುವ ಬಣ್ಣ ಎಂಬುದು ಗೊತ್ತಾಗುತ್ತದೆ. ಕಲಾವಿದರ ಬಣ್ಣಗಳಿಗೆ ದರ್ಜೆ ನೀಡುವ ಪ್ರಯೋಗಾಲಯಗಳು ಮಾಡುವುದೂ, ಅಳತೆಯ ಬೆಳಕಿನಲ್ಲಿ, ಇದೇ ಕೆಲಸ. ಮಗುವಿನ ಚಿತ್ರವೊಂದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಏರಿಸುವ ಉದ್ದೇಶವಿದ್ದರೆ ಅದನ್ನು ಸ್ಕೆಚ್ ಪೆನ್ನಿನಲ್ಲಿ ಬರೆಸದಿರುವುದು ಲೇಸು. ಮೇಣದ ಕ್ರೇಯಾನ್ ಅದಕ್ಕಿಂತ ನಂಬಿಕಸ್ಥ.

ಪೆನ್ಸಿಲ್ಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕೊಂತೆ, ಯುದ್ಧದಿಂದಾಗಿ ಇಂಗ್ಲೆಂಡಿನ ಅಪ್ಪಟ ಗ್ರಾಫೈಟ್ ಸಿಗದಾದಾಗ, ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂದಿನ ಐದು ರೂಪಾಯಿಯ ಪೆನ್ಸಿಲ್ಲೂ ಅದೇ ದಾರಿಯದು. ಮೈಸೂರು ಶೈಲಿಯ ಚಿತ್ರಕಾರರಿಗಂತೂ ಅದೂ ಬೇಕಾಗಿರಲಿಲ್ಲ: ಹುಣಸೆಯ ನೆಟ್ಟನೆಯ ಎಳೆಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ರೇಖೆ ಎಳೆಯುವ ಇದ್ದಿಲನ್ನು ಅವರೇ ತಯಾರಿಸಿಕೊಳ್ಳುತ್ತಿದ್ದರು. ಕೊಳವೆಯ ಕೆಲಸವೆಂದರೆ ಗಾಳಿಯನ್ನು ದೂರವಿಡುವುದು. ಗಾಳಿ ತಾಗಿದರೆ ಕಡ್ಡಿ ಬೂದಿಯಾಗುತ್ತದೆ, ತಾಗದಿದ್ದರೆ ಇಂಗಾಲವಷ್ಟೇ ಉಳಿಯುತ್ತದೆ.

ಇನ್ನು ಕಾಗದ. ದಾಂಡೇಲಿಯ ಕಾರ್ಖಾನೆಯಿರಲಿ, ದೂರದೇಶದ್ದಿರಲಿ, ಯಂತ್ರದಲ್ಲಿ ಕಾಗದವಾಗುವ ಕ್ರಮ ಒಂದೇ. ನಾರಿನ ತೆಳ್ಳನೆಯ ಗಂಜಿಯನ್ನು ಓಡುತ್ತಿರುವ ಜಾಲರಿಯ ಮೇಲೆ ಸುರಿಯುತ್ತಾರೆ. ನೀರು ಸೋರಿಹೋಗಿ, ನಾರುಗಳು ಒಂದಕ್ಕೊಂದು ತಾಗಿ, ಒಣಗುವಾಗ ಅವುಗಳ ಸೆಲ್ಯುಲೋಸ್ ಅಣುಗಳ ನಡುವೆ ಹೈಡ್ರೋಜನ್ ಬಂಧಗಳು ಕೂಡಿಕೊಳ್ಳುತ್ತವೆ. ಕಾಗದವನ್ನು ಹಿಡಿದಿಟ್ಟಿರುವುದು ಅಂಟಲ್ಲ, ಈ ಬಂಧಗಳು. ನೀರು ಬಿದ್ದಾಗ ನೀರಿನ ಅಣುಗಳು ನಡುವೆ ತೂರಿ ಬಂಧಗಳನ್ನು ಸಡಿಲಿಸುತ್ತವೆ, ಆದ್ದರಿಂದಲೇ ನೆನೆದ ಪತ್ರಿಕೆ ಕೈಯಲ್ಲೇ ಹರಿಯುತ್ತದೆ. ಜಾಲರಿ ಓಡುವ ದಿಕ್ಕಿಗೆ ಹೆಚ್ಚಿನ ನಾರುಗಳು ಮಲಗುವುದರಿಂದ ಯಂತ್ರದ ಕಾಗದಕ್ಕೆಲ್ಲ ಒಂದು ದಿಕ್ಕಿರುತ್ತದೆ. ಮುದ್ರಣಾಲಯದವರು ಅದನ್ನು ಗ್ರೇನ್ ಎನ್ನುತ್ತಾರೆ. ನಾರು ನೆನೆದಾಗ ಅಗಲದಲ್ಲಿ ಚೆನ್ನಾಗಿ ಉಬ್ಬುತ್ತದೆ, ಉದ್ದದಲ್ಲಿ ಬಹಳ ಅಲ್ಪ. ಹಾಗಾಗಿ ಬಣ್ಣ ಬಿದ್ದ ಜಾಗದಲ್ಲಿ ಕಾಗದ ಒಂದು ದಿಕ್ಕಿಗೆ ಹಿಗ್ಗಿ, ಸುತ್ತಲಿನ ಒಣ ಭಾಗ ಜಾಗ ಕೊಡದೆ, ಉಬ್ಬುತಗ್ಗುಗಳಾಗುತ್ತವೆ. ಆ ತಗ್ಗುಗಳಲ್ಲಿ ನೀರು ನಿಂತು ಬಣ್ಣ ಮಡುಗಟ್ಟಿದಾಗ ಬೈಗುಳ ಬೀಳುವುದು ಬಣ್ಣದ ಡಬ್ಬಿಗೆ.

ನೀರನ್ನು ಹೀರುವ ವೇಗವೂ ಅಷ್ಟೇ ಮುಖ್ಯ. ಪತ್ರಿಕೆ, ಟಿಶ್ಯೂ, ನೋಟ್‌ಬುಕ್ಕಿನ ಹಾಳೆ, ಡ್ರಾಯಿಂಗ್ ಶೀಟು, ಇವುಗಳ ಮೇಲೆ ಒಂದೊಂದು ಹನಿ ನೀರು ಹಾಕಿ ನೋಡಿದರೆ ಕೆಲವದರ ಮೇಲೆ ಹನಿ ಮುತ್ತಿನಂತೆ ನಿಲ್ಲುತ್ತದೆ, ಕೆಲವದರಲ್ಲಿ ಕ್ಷಣದಲ್ಲಿ ಇಂಗುತ್ತದೆ. ಹನಿ ನಿಲ್ಲುವಂತೆ ಮಾಡುವುದು ಸೈಜಿಂಗ್ ಎಂಬ ಲೇಪನ. ಹಳೆಯ ಭಾರತೀಯ ಕೈಕಾಗದಕ್ಕೆ ಪಿಷ್ಟದ ಗಂಜಿ ಹಚ್ಚಿ, ಒಣಗಿಸಿ, ನುಣುಪು ಕಲ್ಲಿನಿಂದ ಉಜ್ಜುತ್ತಿದ್ದರು; ಯುರೋಪಿನಲ್ಲಿ ಜೆಲಟಿನ್ ಬಳಸುತ್ತಿದ್ದರು, ಒಳ್ಳೆಯ ಜಲವರ್ಣದ ಕಾಗದಕ್ಕೆ ಇಂದಿಗೂ ಅದು ಬಳಕೆಯಲ್ಲಿದೆ. ಸೈಜಿಂಗ್ ಇರುವ ಕಾಗದದಲ್ಲಿ ಬಣ್ಣದ ಅಂಚು ನಿಂತಲ್ಲಿ ನಿಲ್ಲುತ್ತದೆ, ನೀರು ಮೇಲೆಯೇ ಇದ್ದು ಬಣ್ಣಗಳು ಒಂದರೊಳಗೊಂದು ಹರಿಯಲು ವ್ಯವಧಾನ ಸಿಗುತ್ತದೆ. ಒಣಗುವಾಗ ಅಂಚಿನ ನೀರು ಬೇಗ ಆವಿಯಾಗಿ, ಅದನ್ನು ತುಂಬಲು ನಡುವಿನಿಂದ ನೀರು ಕಣಗಳನ್ನು ಹೊತ್ತು ಹೊರಕ್ಕೆ ಹರಿಯುವುದರಿಂದ ಅಂಚಿನಲ್ಲಿ ಗಾಢ ಗೆರೆಯೊಂದು ಮೂಡುತ್ತದೆ. ಚೆಲ್ಲಿದ ಕಾಫಿಯ ಕಲೆಗೆ ಉಂಗುರವೇಕೆ ಎಂಬ ಪ್ರಶ್ನೆಗೆ ಷಿಕಾಗೊ ವಿಶ್ವವಿದ್ಯಾಲಯದ ತಂಡವೊಂದು 1997ರಲ್ಲಿ ಕೊಟ್ಟ ವಿವರಣೆ ಇದು. ಜಲವರ್ಣದ ಕಲಾವಿದರು ಮೆಚ್ಚುವ ಹರಿತವಾದ ಅಂಚು ಕಾಫಿಯ ಉಂಗುರದ ನೆಂಟ. ಹೀರುಕಾಗದದ ಮೇಲೆ ಅದು ಹುಟ್ಟುವುದೇ ಇಲ್ಲ.

ಒಳ್ಳೆಯ ಕಾಗದ ಕೊಳ್ಳಲಾಗದವರಿಗೆ ಮೊಘಲ್ ಕಿರುಚಿತ್ರಕಾರರ ಉಪಾಯವಿದೆ. ವಸ್ಲಿ ಎಂಬ ಅವರ ಹಲಗೆಯಂಥ ಕಾಗದ ಹಲವು ತೆಳು ಹಾಳೆಗಳನ್ನು ಅಂಟಿಸಿ ಉಜ್ಜಿ ನುಣುಪು ಮಾಡಿದ್ದು. ಇದರ ಹಿಂದೆ ಇರುವ ಲೆಕ್ಕ ಸೊಗಸಾಗಿದೆ. ಹಾಳೆಯ ಬಾಗದ ಗುಣ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಮೂರು ಹಾಳೆಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಅವು ಒಂದರ ಮೇಲೊಂದು ಜಾರುವುದರಿಂದ ಗಡುಸು ಮೂರು ಪಟ್ಟು ಮಾತ್ರ. ಅಂಟಿಸಿದರೆ ಮೂರರ ಘನ, ಅಂದರೆ ಸುಮಾರು 27 ಪಟ್ಟು. ಸಾಧಾರಣ ಡ್ರಾಯಿಂಗ್ ಶೀಟಿನ ಮೂರು ಪದರ ಹೀಗೆ ಅಂಟಿಸಿದ ಹಲಗೆ ತೆಳುವಾದ ಜಲವರ್ಣವನ್ನು ಸುಕ್ಕಿಲ್ಲದೆ ತಾಳುತ್ತದೆ.

ಅಂಟಿಗೆ ಮೈದಾ ಸಾಕು. ಒಂದು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಐದಾರು ಚಮಚ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಬೇಕು. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ, ಹಾಲಿನಂತಿದ್ದ ದ್ರವ ಬಿಳುಪು ಕಳೆದುಕೊಂಡು ಲೋಳೆಯಾಗುತ್ತದೆ. ಪಿಷ್ಟದ ಅಣುವೂ ಸೆಲ್ಯುಲೋಸಿನಂತೆ ಗ್ಲೂಕೋಸಿನ ಸರಪಳಿಯೇ ಆದ್ದರಿಂದ ಕಾಗದದೊಡನೆ ಅದು ಸುಲಭವಾಗಿ ಬಂಧ ಬೆಳೆಸುತ್ತದೆ. ಹುಳು ತಿನ್ನಬಾರದೆಂದು ಇದಕ್ಕೆ ಮೈಲುತುತ್ತ ಬೆರೆಸುವ ಹಳೆಯ ರೂಢಿ ಬೈಂಡಿಂಗ್ ಅಂಗಡಿಗಳಲ್ಲಿತ್ತು. ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ಬೇಕಾದಷ್ಟೇ ಮಾಡಿಕೊಂಡು ಉಳಿದದ್ದನ್ನು ಚೆಲ್ಲುವುದು ಸರಿಯಾದ ದಾರಿ. ಫೆವಿಕಾಲಿನಂಥ ಬಿಳಿ ಅಂಟು ಬೇರೆ ಜಾತಿಯದು: ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿಸಣ್ಣ ಗೋಲಿಗಳು ನೀರು ಹೋದಂತೆ ಒತ್ತಿಕೊಂಡು ಒಂದೇ ಪೊರೆಯಾಗುತ್ತವೆ. ಅದು ರಟ್ಟಿಗೆ, ಕಟ್ಟಿಗೆಗೆ ಉತ್ತಮ. ದೊಡ್ಡ ಹಾಳೆಗೆ ಮೈದಾ ಅಂಟೇ ಮೇಲು, ಏಕೆಂದರೆ ಅದು ನಿಧಾನವಾಗಿ ಒಣಗುವುದರಿಂದ ಹಾಳೆಯನ್ನು ಸರಿಸಿ ಕೂರಿಸಲು ಸಮಯ ಸಿಗುತ್ತದೆ. ಅಂಟು ಯಾವುದೇ ಇರಲಿ, ಎಲ್ಲ ಹಾಳೆಗಳ ನಾರಿನ ದಿಕ್ಕು ಒಂದೇ ಆಗಿರಬೇಕು, ಮತ್ತು ಪೂರ್ತಿ ಒಣಗುವವರೆಗೆ ಭಾರದ ಪುಸ್ತಕಗಳ ಅಡಿಯಲ್ಲಿ ಇರಬೇಕು. ಇಲ್ಲದಿದ್ದರೆ ಒಂದೊಂದು ಪದರ ಒಂದೊಂದು ಕಡೆಗೆ ಕುಗ್ಗಿ ಹಲಗೆ ಹಪ್ಪಳದಂತೆ ಮುರುಟುತ್ತದೆ.

ನಾರಿನ ದಿಕ್ಕನ್ನು ಕಂಡುಹಿಡಿಯಲು ಪತ್ರಿಕೆಯನ್ನು ಎರಡೂ ದಿಕ್ಕಿಗೆ ಹರಿದು ನೋಡಿದರಾಯಿತು: ಒಂದು ಕಡೆಗೆ ಸೀಳು ನೇರವಾಗಿ ಸಾಗುತ್ತದೆ, ಇನ್ನೊಂದು ಕಡೆಗೆ ಹಲ್ಲುಹಲ್ಲಾಗಿ ಅಡ್ಡಾದಿಡ್ಡಿ ಓಡುತ್ತದೆ. ಹರಿಯಲು ಮನಸ್ಸಿಲ್ಲದ ಹಾಳೆಯನ್ನು ಮಡಿಕೆ ಬೀಳದಂತೆ ಮೆಲ್ಲಗೆ ಬಾಗಿಸಿದರೂ ಸಾಕು, ಮರುಪುಟಿಯುವ ಬಿಗಿ ಕಡಿಮೆಯಿರುವ ಮಡಿಕೆಯ ಗೆರೆ ನಾರಿಗೆ ಸಮಾನಾಂತರವಾಗಿರುತ್ತದೆ. ದಪ್ಪ ಕಾಗದವನ್ನು ನಾರಿಗೆ ಅಡ್ಡಲಾಗಿ ಮಡಿಸಿದರೆ ಮಡಿಕೆಯ ಬೆನ್ನು ಒಡೆದು ನಾರುಗಳು ಎದ್ದು ಕಾಣುತ್ತವೆ. ಶಾಯಿ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲಿನ ಅಂಚಿನಲ್ಲಿ ಮೊದಲೇ ಗೆರೆ ಒತ್ತಿಕೊಂಡರೆ ಅಲ್ಲಿನ ನಾರುಗಳು ಸಡಿಲಗೊಂಡು ಮಡಿಕೆ ಶುಚಿಯಾಗಿ ಬೀಳುತ್ತದೆ.

ಈ ತಿಳಿವಳಿಕೆಯನ್ನು ಪರೀಕ್ಷಿಸಲು ಒಂದೇ ಹಾಳೆಯ ಎಂಟು ಪುಟದ ಕಿರುಹೊತ್ತಗೆ ತಕ್ಕ ಕೆಲಸ. ಎ4 ಹಾಳೆಯನ್ನು ಅಡ್ಡವಾಗಿ ಇಟ್ಟು, ಮಡಿಕೆಗಳಿಂದ ನಾಲ್ಕು ಕಂಬ ಎರಡು ಸಾಲುಗಳ ಎಂಟು ಮನೆಗಳಾಗಿಸಿ, ಉದ್ದದ ನಡುಮಡಿಕೆಯನ್ನು ನಡುವಿನ ಎರಡು ಕಂಬಗಳಷ್ಟು ಮಾತ್ರ ಕತ್ತರಿಸಿ, ಹಾಳೆಯನ್ನು ಉದ್ದಕ್ಕೆ ಮಡಚಿ ಎರಡೂ ತುದಿಗಳಿಂದ ಒಳಕ್ಕೆ ಒತ್ತಿದರೆ ಪುಸ್ತಕವಾಗುತ್ತದೆ. ಜೆರಾಕ್ಸ್ ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದ ಬದಿಗೆ ಮಲಗಿರುತ್ತದೆ, ಈ ಪುಸ್ತಕದ ಬೆನ್ನು ಮಾತ್ರ ಗಿಡ್ಡ ಬದಿಗೆ ಸಮಾನಾಂತರ. ಹಾಗಾಗಿ ಎಷ್ಟು ಒತ್ತಿದರೂ ಪುಟಗಳು ಮತ್ತೆ ಬಾಯಿ ತೆರೆಯುತ್ತವೆ. ಪರಿಹಾರ ಕಾಗದದ ಅಳತೆಯಲ್ಲೇ ಇದೆ. ಎ3, ಎ4 ಮುಂತಾದ ಈ ಸರಣಿಯ ಹಾಳೆಗಳಲ್ಲಿ ಉದ್ದ ಅಗಲಗಳ ಅನುಪಾತ ಎರಡರ ವರ್ಗಮೂಲ. 1786ರಲ್ಲೇ ಜರ್ಮನಿಯ ವಿಜ್ಞಾನಿ ಲಿಖ್ಟೆನ್‌ಬರ್ಗ್ ಪತ್ರವೊಂದರಲ್ಲಿ ಚರ್ಚಿಸಿದ್ದ ಈ ಅನುಪಾತದ ಲಾಭವೆಂದರೆ ಹಾಳೆಯನ್ನು ನಡುವೆ ಕತ್ತರಿಸಿದರೂ ಆಕಾರ ಬದಲಾಗದು. ಒಂದು ಚದರ ಮೀಟರಿನ ಎ0 ಹಾಳೆಯ ಹದಿನಾರನೆಯ ಒಂದು ಭಾಗ ಎ4, ಆದ್ದರಿಂದಲೇ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ ಒಂದು ಎ4 ಹಾಳೆ ಹೆಚ್ಚುಕಡಿಮೆ 5 ಗ್ರಾಂ ತೂಗುತ್ತದೆ. ಉದ್ದಕ್ಕೆ ನಾರಿರುವ ಎ3 ಹಾಳೆಯೊಂದನ್ನು, ಬಾಗಿಸಿ ಖಚಿತಪಡಿಸಿಕೊಂಡು, ನಡುವೆ ಕತ್ತರಿಸಿದರೆ ದೊರೆಯುವ ಎರಡು ಎ4 ತುಂಡುಗಳಲ್ಲಿ ನಾರು ಗಿಡ್ಡ ಬದಿಗೆ ತಿರುಗಿರುತ್ತದೆ. ಅದರಿಂದ ಮಡಿಸಿದ ಹೊತ್ತಗೆ ಮೇಜಿನ ಮೇಲೆ ಬಾಯಿ ಮುಚ್ಚಿ ಮಲಗುತ್ತದೆ. ಅಷ್ಟು ತೆಳು ಕಾಗದಕ್ಕೆ ಜಲವರ್ಣ ಹೊಂದದು, ಬಣ್ಣದ ಪೆನ್ಸಿಲ್ ಅಥವಾ ಕ್ರೇಯಾನ್ ಸರಿ. ಚಿತ್ರಗಳನ್ನು ಹಾಳೆ ಚಪ್ಪಟೆಯಾಗಿರುವಾಗಲೇ ಬರೆದುಕೊಳ್ಳುವುದಾದರೆ ಮೇಲಿನ ಸಾಲಿನ ನಾಲ್ಕನ್ನು ತಲೆಕೆಳಗಾಗಿ ಬರೆಯಬೇಕಾಗುತ್ತದೆ.